ಜಗಳಗಂಟ ಮೀನಿಗೆ ಜೊತೆಗಾರರು ಯಾರು?

ನಂಜನಗೂಡು ಅಥವಾ ತಿರುಮಕೂಡಲು ನರಸೀಪುರದ ಆಸುಪಾಸಿನ ಯಾವುದಾದರೂ ಕೆರೆಯ ಅಂಚಿನಲ್ಲಿ ಬೇಸಿಗೆಯಲ್ಲಿ ನಡೆದು ನೋಡಿ. ನೀರು ಹಿಂದೆ ಸರಿದ ಕೆಸರುನೆಲದ ಮೇಲೆ ಊಟದ ತಟ್ಟೆಯಂತಹ ದುಂಡನೆಯ ಗುಳಿಗಳು ಒಂದರ ಪಕ್ಕ ಒಂದು ಕಾಣಸಿಗಬಹುದು. ಅವು ಜಾನುವಾರುಗಳ ಹೆಜ್ಜೆಗಳಲ್ಲ; ಜಿಲೇಬಿ ಮೀನಿನ ಗಂಡುಗಳು ಬಾಯಿಯಿಂದ ಮಣ್ಣು ಎತ್ತಿ ಹಾಕಿ ಮಾಡಿದ ಗೂಡುಗಳು. ನೀರಿದ್ದಾಗ ಪ್ರತಿ ಗುಳಿಯ ಮೇಲೂ ಒಂದು ಗಂಡು ಕಾವಲು ನಿಂತಿರುತ್ತದೆ. ಪಕ್ಕದ ಗುಳಿಯ ಗಂಡು ಗಡಿ ದಾಟಿದರೆ ಮೈಮೇಲೆ ಬೀಳುತ್ತದೆ. ಸೋತ ಮೀನು ಓಡಿಹೋಗುತ್ತದೆ, ಗೆದ್ದದ್ದು ಗುಳಿಗೆ ಮರಳುತ್ತದೆ. ಜಗಳ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಜಿಲೇಬಿ ಮೀನು ಎಂದು ನಾವು ಕರೆಯುವುದು ತಿಲಾಪಿಯವನ್ನು. ಇದರ ವೈಜ್ಞಾನಿಕ ಹೆಸರು ಓರಿಯೋಕ್ರೋಮಿಸ್ ಮೊಸಾಂಬಿಕಸ್. ಆಫ್ರಿಕದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಇಂದು ಕಪಿಲಾ, ಕಾವೇರಿ ನದಿಗಳಲ್ಲಿಯೂ ಅವುಗಳ ಜಲಾಶಯ, ಕೆರೆಗಳಲ್ಲಿಯೂ ಇದು ನೆಲೆಯೂರಿದೆ. ಮನೆಯ ಗಾಜಿನ ತೊಟ್ಟಿಗೆಂದು ಅಂಗಡಿಗಳಲ್ಲಿ ಮಾರುವ ಆಸ್ಕರ್, ಫ್ಲವರ್‌ಹಾರ್ನ್, ಏಂಜೆಲ್, 'ಆಫ್ರಿಕನ್ ಸಿಕ್ಲಿಡ್' ಮೊದಲಾದವು ಇದೇ ಜಿಲೇಬಿಯ ಬಂಧುಗಳು. ಎಲ್ಲವೂ ಸಿಕ್ಲಿಡೇ ಕುಟುಂಬಕ್ಕೆ ಸೇರಿದವು.

ಕೆರೆಯಲ್ಲಿ ಕೆಲವು ಸೆಕೆಂಡುಗಳಲ್ಲಿ ಮುಗಿಯುವ ಜಗಳ ಗಾಜಿನ ತೊಟ್ಟಿಯಲ್ಲಿ ಮುಗಿಯುವುದೇ ಇಲ್ಲ. ಹೆಬ್ಬೆರಳಿನಷ್ಟಿದ್ದ ನಾಲ್ಕಾರು ಚೆಂದದ ಮರಿಗಳನ್ನು ತಂದು ಬಿಟ್ಟವರು ಕೆಲವು ತಿಂಗಳಲ್ಲಿ ಒಂದೇ ದೊಡ್ಡ ಮೀನು ಉಳಿದಿರುವುದನ್ನು ಕಾಣುತ್ತಾರೆ. ಉಳಿದವುಗಳ ಈಜುರೆಕ್ಕೆ ಹರಿದಿರುತ್ತದೆ, ಹುರುಪೆ ಉದುರಿರುತ್ತದೆ, ಇಲ್ಲವೇ ಅವು ಸತ್ತಿರುತ್ತವೆ. ಹಾಗಾದರೆ ಇಂತಹ ಮೀನಿನ ಜೊತೆ ಯಾವ ಮೀನನ್ನು ಸಾಕಬಹುದು? ಉತ್ತರ ಹುಡುಕುವ ಮೊದಲು ಅದು ಯಾರ ಮೇಲೆ, ಏಕೆ ಜಗಳಕ್ಕೆ ಹೋಗುತ್ತದೆ ಎಂಬುದನ್ನು ತಿಳಿಯೋಣ.

ಸಿಕ್ಲಿಡ್ ಎಂದು ಗುರುತಿಸುವುದು ಹೇಗೆ?

ಈವರೆಗೆ 1,700ಕ್ಕೂ ಹೆಚ್ಚು ಸಿಕ್ಲಿಡ್ ಪ್ರಭೇದಗಳನ್ನು ವಿಜ್ಞಾನಿಗಳು ವಿವರಿಸಿದ್ದಾರೆ. ಬಹುಪಾಲು ಆಫ್ರಿಕದ ಸರೋವರಗಳಲ್ಲಿವೆ. ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ ನೂರಾರು ಪ್ರಭೇದಗಳಿವೆ. ಭಾರತಕ್ಕೆ ಸಹಜವಾದವು ಮೂರೇ ಮೂರು. ಕೇರಳದವರು ಕರಿಮೀನ್ ಎಂದು ಕರೆಯುವ ಎಟ್ರೋಪ್ಲಸ್ ಸುರಟೆನ್ಸಿಸ್, ಅಂಗೈಯೊಳಗೆ ಹಿಡಿಸುವ ಕಿತ್ತಳೆ ಬಣ್ಣದ ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್ ಮತ್ತು ನಮ್ಮ ಕರಾವಳಿ ಜಿಲ್ಲೆಗಳ ನದಿಗಳಿಗೆ ಸೀಮಿತವಾದ ಎಟ್ರೋಪ್ಲಸ್ ಕೆನರೆನ್ಸಿಸ್.

ತರಗತಿಯಲ್ಲಿ ಒಂದು ಸುಲಭದ ಚಟುವಟಿಕೆ ಮಾಡಬಹುದು. ಮಾರುಕಟ್ಟೆಯಿಂದ ಒಂದು ಜಿಲೇಬಿ, ಒಂದು ರೋಹು ಮೀನನ್ನು ತನ್ನಿ. ಮಸೂರದಿಂದ ಮೂತಿಯನ್ನು ನೋಡಿ. ರೋಹುವಿಗೆ ಮೂತಿಯ ಪ್ರತಿ ಬದಿಯಲ್ಲಿ ಮೂಗಿನ ರಂಧ್ರಗಳು ಎರಡೆರಡು, ಜಿಲೇಬಿಗೆ ಒಂದೊಂದೇ. ಇನ್ನು ದೇಹದ ಪಕ್ಕದಲ್ಲಿ ಓಡುವ ಪಾರ್ಶ್ವರೇಖೆಯನ್ನು ಗಮನಿಸಿ. ಜಿಲೇಬಿಯಲ್ಲಿ ಅದು ನಡುವೆ ತುಂಡಾಗಿ, ಕೆಳಗೆ ಮತ್ತೆ ಶುರುವಾಗುತ್ತದೆ. ಇವೆರಡೂ ಸಿಕ್ಲಿಡ್‌ಗಳ ಗುರುತುಗಳು.

ಸಿಕ್ಲಿಡ್‌ಗಳ ಇನ್ನೊಂದು ಲಕ್ಷಣ ಮರಿಗಳ ಪಾಲನೆ. ರೋಹು, ಕಾಟ್ಲಾಗಳಂತೆ ಮೊಟ್ಟೆ ಇಟ್ಟು ಮರೆತುಬಿಡುವ ಮೀನುಗಳಲ್ಲ ಇವು. ಹೆಣ್ಣು ಜಿಲೇಬಿ ಮೊಟ್ಟೆಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಆಸ್ಕರ್ ಜೋಡಿ ಕಲ್ಲಿನ ಮೇಲೆ ಮೊಟ್ಟೆ ಇಟ್ಟು ಇಬ್ಬರೂ ಕಾಯುತ್ತವೆ. ಮೊಟ್ಟೆ, ಮರಿಗಳನ್ನು ಕಾಯಬೇಕಾದರೆ ಜಾಗವನ್ನು ಕಾಯಬೇಕು. ಜಾಗವನ್ನು ಕಾಯುವ ಪ್ರಾಣಿ ಜಗಳವಾಡಲೇಬೇಕು. ಆದ್ದರಿಂದ ಸಿಕ್ಲಿಡ್‌ನ ಜಗಳಗಂಟತನ ಅದರ ಸಂಸಾರದ ಒಂದು ಭಾಗ.

ಎದುರಾಳಿ ಯಾರು?

ಕಾವಲಿರುವ ಮೀನು ಕಂಡ ಎಲ್ಲದರ ಮೇಲೂ ಬೀಳುವುದಿಲ್ಲ. ಅದಕ್ಕೆ ಮುಖ್ಯ ಪೈಪೋಟಿ ತನ್ನ ಜಾತಿಯ, ತನ್ನ ಲಿಂಗದ ಇನ್ನೊಂದು ಮೀನಿನಿಂದ. ಅದೇ ಗೂಡು, ಅದೇ ಆಹಾರ, ಅದೇ ಸಂಗಾತಿ ಅದಕ್ಕೂ ಬೇಕು. ಆದ್ದರಿಂದ ತನ್ನನ್ನು ಹೋಲುವ ಆಕಾರ, ಬಣ್ಣ, ಪಟ್ಟೆಗಳೇ ಅದಕ್ಕೆ 'ಎದುರಾಳಿ' ಎಂಬ ಸಂಕೇತ. ವಿಕ್ಟೋರಿಯಾ ಸರೋವರದ ಸಿಕ್ಲಿಡ್‌ಗಳ ಬಗ್ಗೆ ಓಲೆ ಸೀಹೌಸೆನ್ ಮತ್ತು ಡಾಲ್ಫ್ ಶ್ಲೂಟರ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೊಂದುತ್ತದೆ. ಅಲ್ಲಿ ಗಂಡುಗಳ ನೆರೆಯಲ್ಲಿ ತಮ್ಮದೇ ಬಣ್ಣದ ಗಂಡುಗಳಿಗಿಂತ ಬೇರೆ ಬಣ್ಣದ ಗಂಡುಗಳು ಇರುವುದು ಹೆಚ್ಚು.

ಪ್ರಾಣಿ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡ ಕಾನ್ರಾಡ್ ಲೊರೆಂಜ್ ಸ್ವತಃ ಸಿಕ್ಲಿಡ್‌ಗಳನ್ನು ಸಾಕಿದವರು. 1963ರಲ್ಲಿ ಬಂದ ಆಕ್ರಮಣಶೀಲತೆಯನ್ನು ಕುರಿತ ಪುಸ್ತಕದಲ್ಲಿ ಅವರು ಒಂದು ಸ್ವಾರಸ್ಯದ ಸಂಗತಿ ಹೇಳಿದ್ದಾರೆ. ತೊಟ್ಟಿಯನ್ನು ಗಾಜಿನಿಂದ ಎರಡು ಭಾಗ ಮಾಡಿ ಎರಡೂ ಕಡೆ ಒಂದೊಂದು ಜೋಡಿಯನ್ನು ಬಿಟ್ಟಿದ್ದರು. ಗಂಡುಗಳು ಗಾಜಿನ ಆಚೆಯ ನೆರೆಯವರ ಮೇಲೆ ಸಿಟ್ಟು ತೋರಿಸುತ್ತ, ತಮ್ಮ ತಮ್ಮ ಹೆಣ್ಣುಗಳೊಂದಿಗೆ ನೆಮ್ಮದಿಯಾಗಿದ್ದವು. ಪಾಚಿ ಬೆಳೆದು ಗಾಜು ಮಬ್ಬಾದಾಗ ಗಂಡು ತನ್ನ ಹೆಣ್ಣಿನ ಮೇಲೆಯೇ ಒರಟಾಗತೊಡಗುತ್ತಿತ್ತು. ಗಾಜನ್ನು ಒರೆಸಿದರೆ ಸಂಸಾರ ಸರಿಹೋಗುತ್ತಿತ್ತು! ಸಿಟ್ಟು ಒಳಗೆ ತುಂಬಿಕೊಂಡು ಹೊರಚೆಲ್ಲುತ್ತದೆ ಎಂಬ ಲೊರೆಂಜರ ವಿವರಣೆಯನ್ನು ಇಂದಿನ ವಿಜ್ಞಾನಿಗಳು ಹಾಗೆಯೇ ಒಪ್ಪುವುದಿಲ್ಲ. ಆದರೆ ಒಂಟಿಯಾಗಿ ಇಟ್ಟ ಜೋಡಿಯಲ್ಲಿ ಹೆಣ್ಣು ಪೆಟ್ಟು ತಿನ್ನುವುದನ್ನು ಮೀನು ಸಾಕುವವರು ಈಗಲೂ ಕಾಣುತ್ತಾರೆ.

ಜಗಳ ಮುಗಿಯುವುದು ಹೇಗೆ ಎಂಬುದೂ ಅಷ್ಟೇ ಮುಖ್ಯ. ಸೋತ ಮೀನು ಸ್ಥಳ ಬಿಟ್ಟು ಹೋದಾಗ ಜಗಳ ನಿಲ್ಲುತ್ತದೆ. ತೊಟ್ಟಿಯಲ್ಲಿ ಸೋತ ಮೀನಿಗೆ ಹೋಗಲು ಜಾಗವಿಲ್ಲ. ಅದು ಮೂಲೆಗೆ ಹೋಗಿ ನಿಂತರೂ ಗೆದ್ದ ಮೀನಿನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಒಂದು ಸರಳ ಲೆಕ್ಕ ನೋಡಿ. ಒಂದು ಗಂಡು ತನ್ನ ಸುತ್ತ 30 ಸೆಂ.ಮೀ. ದೂರದವರೆಗೆ ಕಾಯುತ್ತದೆ ಎಂದುಕೊಳ್ಳೋಣ. ಆ ವೃತ್ತದ ವಿಸ್ತೀರ್ಣ 3.14 × 30 × 30, ಅಂದರೆ ಸುಮಾರು 2,826 ಚದರ ಸೆಂ.ಮೀ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಯ ತಳ ಸುಮಾರು 60 × 30, ಅಂದರೆ 1,800 ಚದರ ಸೆಂ.ಮೀ. ಮಾತ್ರ. ಇಡೀ ತೊಟ್ಟಿಯೇ ಒಂದು ಮೀನಿನ ಸರಹದ್ದಿಗೆ ಸಾಲದು. ಉಳಿದ ಮೀನುಗಳೆಲ್ಲ ಆಗ ಅತಿಕ್ರಮಣಕಾರರೇ! ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯ ತಳ ಸುಮಾರು 5,400 ಚದರ ಸೆಂ.ಮೀ. ತೊಟ್ಟಿಯ ಎತ್ತರ ಹೆಚ್ಚಿಸಿದರೆ ಲೀಟರ್ ಹೆಚ್ಚುತ್ತದೆ, ತಳ ಹೆಚ್ಚುವುದಿಲ್ಲ ಎಂಬುದನ್ನೂ ಗಮನಿಸಿ.

ಇಲ್ಲಿಂದ ಜೊತೆಗಾರರ ಆಯ್ಕೆಯ ಸೂತ್ರ ಸಿಗುತ್ತದೆ: ಜೊತೆಯ ಮೀನು ಎದುರಾಳಿಯಂತೆ ಕಾಣಬಾರದು, ತುತ್ತಿನಂತೆಯೂ ಕಾಣಬಾರದು, ಮತ್ತು ಅದಕ್ಕೆ ಹೋಗಲು ಜಾಗವಿರಬೇಕು.

ಐದು ಜರಡಿಗಳು

ಅಂಗಡಿಯಲ್ಲಿ ಮೀನು ಕೊಳ್ಳುವ ಮೊದಲು ಅದನ್ನು ಈ ಐದು ಜರಡಿಗಳಲ್ಲಿ ಹಾಯಿಸಿ.

1. ನೀರು: ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡುಸು ನೀರು, 7.8ರಿಂದ 8.6ರ ಪಿಎಚ್ ಬೇಕು. ದಕ್ಷಿಣ ಅಮೆರಿಕದ ಅನೇಕ ಪ್ರಭೇದಗಳಿಗೆ ಮೆದು ನೀರು, 7ರ ಆಸುಪಾಸಿನ ಅಥವಾ ಅದಕ್ಕಿಂತ ಕಡಿಮೆ ಪಿಎಚ್ ಒಗ್ಗುತ್ತದೆ. ಇವೆರಡನ್ನು ಬೆರೆಸಿದರೆ ಒಂದಕ್ಕೆ ಸದಾ ಒತ್ತಡ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ನದಿನೀರಿಗಿಂತ ಗಡುಸು. ಎರಡನ್ನೂ ಒಂದೇ ಅಳತೆಯ ಬಾಟಲಿಗಳಲ್ಲಿ ಹಾಕಿ, ಅಷ್ಟೇ ಹನಿ ಸೋಪಿನ ದ್ರಾವಣ ಸೇರಿಸಿ ಕುಲುಕಿ. ನೊರೆ ಕಡಿಮೆ ಬಂದದ್ದು ಗಡುಸು ನೀರು. ನಿಮ್ಮ ನೀರಿಗೆ ಹೊಂದುವ ಮೀನನ್ನು ಆರಿಸುವುದು, ಮೀನಿಗೆ ಹೊಂದುವಂತೆ ನೀರನ್ನು ಬದಲಿಸುವುದಕ್ಕಿಂತ ಸುಲಭ.

2. ಗಾತ್ರ: ಆಸ್ಕರ್ ಹೊಟ್ಟೆಬಾಕ ಮೀನು, ಬಾಯಲ್ಲಿ ಹಿಡಿಸುವುದೆಲ್ಲ ಅದಕ್ಕೆ ಆಹಾರ. ಜೊತೆಯ ಮೀನು ಅದರ ಮೂರನೆಯ ಎರಡು ಭಾಗದಷ್ಟಾದರೂ ಇರಲಿ. ಇಂದಿನ ಗಾತ್ರವನ್ನು ನಂಬಬೇಡಿ. ಅಂಗಡಿಯಲ್ಲಿ 5 ಸೆಂ.ಮೀ. ಇರುವ ಆಸ್ಕರ್ ಬಲಿತಾಗ 30 ಸೆಂ.ಮೀ. ಮುಟ್ಟುತ್ತದೆ.

3. ಆಕಾರ ಮತ್ತು ಬಣ್ಣ: ಜೊತೆಗಾರ ಸಿಕ್ಲಿಡ್ ಆಗದಿದ್ದರೆ ಒಳ್ಳೆಯದು. ಆದರೂ ಸಿಕ್ಲಿಡ್ಡೇ ಬೇಕೆಂದರೆ ಬೇರೆ ಕುಲದ್ದು, ಬೇರೆ ಬಣ್ಣ, ಬೇರೆ ಮೈಕಟ್ಟಿನದು ಇರಲಿ. ಹಳದಿಯ ಜೊತೆ ಹಳದಿ, ಪಟ್ಟೆಯ ಜೊತೆ ಪಟ್ಟೆ ಬೇಡ.

4. ನೆಲೆ: ಸಿಕ್ಲಿಡ್‌ಗಳು ಹೆಚ್ಚಾಗಿ ತಳವನ್ನು, ಕಲ್ಲುಸಂದುಗಳನ್ನು ಕಾಯುತ್ತವೆ. ನೀರಿನ ಮೇಲ್ಪದರ, ನಡುಪದರಗಳಲ್ಲಿ ಗುಂಪಾಗಿ ಈಜುವ ಚುರುಕು ಮೀನುಗಳು ಅವುಗಳ ಗಡಿಗೆ ಬರುವುದು ಕಡಿಮೆ.

5. ಲಿಂಗ ಮತ್ತು ಸಂಖ್ಯೆ: ಬಾಯಲ್ಲಿ ಮೊಟ್ಟೆ ಇಡುವ ಪ್ರಭೇದಗಳಲ್ಲಿ ಒಂದು ಗಂಡಿಗೆ ಮೂರು ಅಥವಾ ಹೆಚ್ಚು ಹೆಣ್ಣುಗಳಿರಲಿ. ಒಂದೇ ಹೆಣ್ಣಿದ್ದರೆ ಗಂಡಿನ ಕಾಟವೆಲ್ಲ ಅದರ ಮೇಲೆಯೇ. ಜೋಡಿ ಕಟ್ಟುವ ಪ್ರಭೇದಗಳಲ್ಲಿ ಜೋಡಿ ಮೊಟ್ಟೆ ಇಟ್ಟ ದಿನದಿಂದ ಇಡೀ ತೊಟ್ಟಿಯ ಹವಾಮಾನವೇ ಬದಲಾಗುತ್ತದೆ. ನಿನ್ನೆಯವರೆಗೆ ಹೊಂದಿಕೊಂಡಿದ್ದ ಜೊತೆಗಾರ ಇಂದು ಶತ್ರು.

ಯಾವುದಕ್ಕೆ ಯಾವುದು?

ಆಸ್ಕರ್‌ಗೆ ತಟ್ಟೆಯಂತಹ ಬೆಳ್ಳಿಮೈಯ ಸಿಲ್ವರ್ ಡಾಲರ್ ಮೀನುಗಳ ಗುಂಪು ಹೊಂದುತ್ತದೆ. ಅವು ನಡುಪದರದಲ್ಲಿ ವೇಗವಾಗಿ ಓಡಾಡುತ್ತವೆ. ಅವುಗಳ ಎತ್ತರದ ಮೈ ಆಸ್ಕರ್‌ನ ಬಾಯಿಗೆ ಹಿಡಿಸುವುದಿಲ್ಲ. ಈ ಜೊತೆಗೆ ನಾಲ್ಕು ಅಡಿಯ ತೊಟ್ಟಿ ಕನಿಷ್ಠ, ಐದು ಅಡಿಯದು ಮೇಲು. 4 × 1.5 × 1.5 ಅಡಿ ಎಂದರೆ 9 ಘನ ಅಡಿ; ಒಂದು ಘನ ಅಡಿಗೆ ಸುಮಾರು 28.3 ಲೀಟರಿನಂತೆ ಸುಮಾರು 255 ಲೀಟರ್. ನೀರಿನ ತೂಕವೇ 255 ಕಿಲೋ! ಶಾಲೆಯ ಮರದ ಮೇಜಿನ ಮೇಲೆ ಇದನ್ನು ಇಡುವ ಸಾಹಸ ಬೇಡ.

ಕಾನ್ವಿಕ್ಟ್‌ನಂತಹ ಮಧ್ಯಮ ಗಾತ್ರದ ಸಿಕ್ಲಿಡ್‌ಗಳ ಜೊತೆಗೆ ಪಶ್ಚಿಮ ಘಟ್ಟದ ತೊರೆಗಳಲ್ಲಿ ಸಹಜವಾಗಿರುವ ದೊಡ್ಡ ಡೇನಿಯೋ (ಡೆವಾರಿಯೋ ಈಕ್ವಿಪಿನ್ನೇಟಸ್) ಎಂಟು ಹತ್ತರ ಗುಂಪು ಒಳ್ಳೆಯ ಆಯ್ಕೆ. ಇವು ನೆಮ್ಮದಿಯಾಗಿ ಮೇಲೆ ಓಡಾಡುತ್ತಿದ್ದರೆ 'ಹತ್ತಿರದಲ್ಲಿ ಅಪಾಯವಿಲ್ಲ' ಎಂಬ ಸೂಚನೆ ಸಿಕ್ಲಿಡ್‌ಗೆ ಸಿಗುತ್ತದೆ. ಅಂಜಿ ಅಡಗುವ ಮೀನೂ ಹೊರಬರುತ್ತದೆ. ಒಂದು ಡೇನಿಯೋ ಮಾತ್ರ ಇದ್ದರೆ ಅದೇ ಪೆಟ್ಟು ತಿನ್ನುತ್ತದೆ. ಗುಂಪಿದ್ದರೆ ಪೆಟ್ಟು ಯಾರಿಗೂ ಗುರಿಯಾಗುವುದಿಲ್ಲ.

ಮಲಾವಿ ಸರೋವರದ ಬಂಡೆವಾಸಿಗಳಿಗೆ ಲೆಕ್ಕ ತಿರುವುಮುರುವು. ಎರಡು ಮೂರು ಮೀನುಗಳಿದ್ದರೆ ಬಲಶಾಲಿಯದು ಉಳಿದವನ್ನು ಕೊಂದೇಬಿಡಬಹುದು. ಹದಿನೈದು ಇಪ್ಪತ್ತು ಇದ್ದಾಗ ಯಾವ ಒಂದೂ ಸತತ ಗುರಿಯಾಗುವುದಿಲ್ಲ, ಗಡಿ ಕಾಯುವುದೂ ಕಷ್ಟವಾಗುತ್ತದೆ. ಆದರೆ ಇದಕ್ಕೆ ದೊಡ್ಡ ತೊಟ್ಟಿ, ತುಂಬ ಕಲ್ಲುಸಂದುಗಳು, ಸಾಮರ್ಥ್ಯದ ಶೋಧಕ ಮತ್ತು ವಾರಕ್ಕೊಮ್ಮೆ ಮೂರನೆಯ ಒಂದು ಭಾಗ ನೀರು ಬದಲಾವಣೆ ಅಗತ್ಯ. ಇಲ್ಲವಾದರೆ ಜಗಳದ ಬದಲು ಅಮೋನಿಯ ಮೀನುಗಳನ್ನು ಕೊಲ್ಲುತ್ತದೆ. ಆಫ್ರಿಕದ ಸೈನೊಡಾಂಟಿಸ್ ಎಂಬ ಮೀಸೆಮೀನು ಇವುಗಳ ತಳದ ಜೊತೆಗಾರ.

ಫ್ಲವರ್‌ಹಾರ್ನ್‌ಗೆ? ಒಂಟಿತನವೇ ಜೊತೆ. 1990ರ ದಶಕದಲ್ಲಿ ಮಲೇಷ್ಯದಲ್ಲಿ ರೂಪುಗೊಂಡ ಈ ಮಿಶ್ರತಳಿಯನ್ನು ಒಂಟಿಯಾಗಿ ಸಾಕುವುದೇ ಲೇಸು.

ಹೊಂದದ ಜೊತೆಗಳನ್ನೂ ತಿಳಿದಿರಿ. ಆಸ್ಕರ್ ಜೊತೆ ಗೋಲ್ಡ್‌ಫಿಶ್ ಬಿಡುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಅದು ನಿಧಾನದ, ಉದ್ದ ರೆಕ್ಕೆಯ, ತಣ್ಣೀರು ಬಯಸುವ ಮೀನು. ಅಷ್ಟೇ ಅಲ್ಲ, ಅದರ ಮಾಂಸದಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆಯುತ್ತದೆ. ಅದನ್ನೇ ತಿಂದು ಬೆಳೆದ ಆಸ್ಕರ್ ಕೂಡ ನರಳುತ್ತದೆ. 'ತೊಟ್ಟಿ ಸ್ವಚ್ಛ ಮಾಡುತ್ತದೆ' ಎಂದು ಮಾರುವ ಸಕ್ಕರ್ ಮೀನು 40 ಸೆಂ.ಮೀ. ಮೀರಿ ಬೆಳೆಯಬಲ್ಲದು. ಸಣ್ಣ ತೊಟ್ಟಿಯ ಮಾಲೀಕರಿಗೆ ಅದೇ ಮುಂದೆ ಹೊರೆ.

ನಮ್ಮ ನಾಡಿನ ಒಂದು ಸ್ನೇಹ

ಸಿಕ್ಲಿಡ್‌ಗಳೆಂದರೆ ಬರೀ ಜಗಳ ಎನ್ನಬೇಡಿ. ನಮ್ಮ ಕರಿಮೀನ್ ಮತ್ತು ಕಿತ್ತಳೆ ಸಿಕ್ಲಿಡ್ ದಕ್ಷಿಣ ಭಾರತ, ಶ್ರೀಲಂಕಾದ ಹಿನ್ನೀರುಗಳಲ್ಲಿ ಒಟ್ಟಿಗೆ ಬದುಕುತ್ತವೆ. ಕಿತ್ತಳೆ ಸಿಕ್ಲಿಡ್ ದೊಡ್ಡದಾದ ಕರಿಮೀನಿನ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಕರಿಮೀನು ಅಲುಗಾಡದೆ ನಿಂತು ಸಹಕರಿಸುತ್ತದೆ. ವೈಮನ್ ಮತ್ತು ವಾರ್ಡ್ ಎಂಬ ಸಂಶೋಧಕರು 1972ರಲ್ಲಿ ಇದನ್ನು ವಿವರಿಸಿದರು. ಗಾತ್ರ ಬೇರೆ, ಬಣ್ಣ ಬೇರೆ, ಕೆಲಸ ಬೇರೆ: ನಮ್ಮ ಜರಡಿಗಳಲ್ಲಿ ಹಾದುಹೋದ ಜೊತೆ ಇದು. ತೊಟ್ಟಿಯಲ್ಲಿ ಸಾಕಿ ಬೆಳೆಸಿದ ಕಿತ್ತಳೆ ಸಿಕ್ಲಿಡ್ ಅಂಗಡಿಗಳಲ್ಲಿ ಸಿಗುತ್ತದೆ. ಶಾಲೆಯ ತೊಟ್ಟಿಗೆ ಆಸ್ಕರ್‌ಗಿಂತ ಇದು ಎಷ್ಟೋ ವಾಸಿ. ಆದರೆ ಕರಾವಳಿಯ ಎಟ್ರೋಪ್ಲಸ್ ಕೆನರೆನ್ಸಿಸ್ ಅಳಿವಿನಂಚಿನ ಪ್ರಭೇದವೆಂದು ಐಯುಸಿಎನ್ ಪಟ್ಟಿಯಲ್ಲಿದೆ. ನದಿಯಿಂದ ಹಿಡಿದು ತಂದ ಅದನ್ನು ಕೊಳ್ಳಬೇಡಿ.

ಸೇರಿಸುವ ದಿನ

ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ನೈಟ್ರೈಟ್, ನೈಟ್ರೇಟ್‌ಗಳಾಗಿ ಬದಲಿಸುವ ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ಮೊದಲು ತೊಟ್ಟಿ ತುಂಬಬೇಡಿ. ಮೊದಲು ಜೊತೆಯ ಮೀನುಗಳನ್ನು, ಕೊನೆಗೆ ಜಗಳಗಂಟನನ್ನು ಬಿಡಿ. ಮೊದಲು ಬಂದವನೇ ಜಾಗದ ಒಡೆಯನಾಗುವುದರಿಂದ ಈ ಕ್ರಮ. ಸಿಕ್ಲಿಡ್ ಆಗಲೇ ಇದ್ದರೆ ಅದನ್ನು ಸ್ವಲ್ಪ ಹೊತ್ತು ಬೇರೆ ಇರಿಸಿ, ಕಲ್ಲುಗಳನ್ನೆಲ್ಲ ಬೇರೆ ರೀತಿ ಜೋಡಿಸಿ, ಎಲ್ಲವನ್ನೂ ಒಟ್ಟಿಗೆ ಬಿಡಿ. ಹಳೆಯ ಗಡಿಗಳು ಅಳಿಸಿಹೋಗಿರುತ್ತವೆ. ಒಂದು ಮೂಲೆಯಿಂದ ಇನ್ನೊಂದು ಮೂಲೆ ಕಾಣದಂತೆ ಕಲ್ಲು, ಮಡಕೆ ಚೂರುಗಳನ್ನು ಇಡಿ. ಕಣ್ಣಿಗೆ ಕಾಣದ ಮೀನಿನ ಮೇಲೆ ಜಗಳವಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಒಳ್ಳೆಯ ಪ್ರಯೋಗ ಮಾಡಬಹುದು. ದಿನವೂ ಒಂದೇ ವೇಳೆಗೆ, ಆಹಾರ ಕೊಡುವ ಮೊದಲು, ಹತ್ತು ನಿಮಿಷ ಗಮನಿಸಿ. ಕಿವಿರು ಮುಚ್ಚಳ ಅರಳಿಸುವುದು, ಪಕ್ಕಕ್ಕೆ ನಿಂತು ಮೈ ತೋರಿಸುವುದು, ಬೆನ್ನಟ್ಟುವುದು, ಕಚ್ಚುವುದು – ಇವುಗಳನ್ನು ಬೇರೆ ಬೇರೆಯಾಗಿ ಎಣಿಸಿ ಬರೆಯಿರಿ. ಡೇನಿಯೋ ಗುಂಪನ್ನು ಬಿಡುವ ಮೊದಲು ಐದು ದಿನ, ಬಿಟ್ಟ ನಂತರ ಐದು ದಿನ ಎಣಿಸಿ ಸರಾಸರಿಗಳನ್ನು ಹೋಲಿಸಿ. ಮೊದಲೆರಡು ಬರೀ ಬೆದರಿಕೆ. ಮೀನುಗಳಿಗೆ ಅದರಿಂದ ಹಾನಿಯಿಲ್ಲ. ಒಂದೇ ಮೀನು ಮತ್ತೆ ಮತ್ತೆ ಕಚ್ಚಿಸಿಕೊಳ್ಳುತ್ತಿದ್ದರೆ, ಆಹಾರಕ್ಕೆ ಬಾರದೆ ಮೇಲಿನ ಮೂಲೆಯಲ್ಲಿ ನಿಂತಿದ್ದರೆ ಪ್ರಯೋಗ ನಿಲ್ಲಿಸಿ, ಅದನ್ನು ಆ ದಿನವೇ ಬೇರ್ಪಡಿಸಿ.

ಹೊಂದದಿದ್ದರೆ?

ಇಷ್ಟೆಲ್ಲ ಮಾಡಿದರೂ ಕೆಲವು ಮೀನುಗಳು ಹೊಂದುವುದಿಲ್ಲ. ಪ್ರತಿಯೊಂದು ಮೀನಿನ ಸ್ವಭಾವ ಬೇರೆ. ಆಗ ಮನೆಯಲ್ಲಿ ಒಂದು ಮಾತು ಬರುತ್ತದೆ: 'ಪಾಪ, ಹೊಳೆಗೆ ಬಿಟ್ಟುಬಿಡೋಣ.' ನಂಜನಗೂಡಿನ ಸ್ನಾನಘಟ್ಟ ಹತ್ತಿರದಲ್ಲೇ ಇದೆ. ಜೀವ ಉಳಿಸಿದ ಪುಣ್ಯವೂ ಬರುತ್ತದೆ ಎನ್ನಿಸುತ್ತದೆ. ಇದೇ ದೊಡ್ಡ ತಪ್ಪು. ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟ ಮೀನು ನಂಜನಗೂಡಿನಲ್ಲಿ ಉಳಿಯುವುದಿಲ್ಲ, ತಿ. ನರಸೀಪುರದ ಸಂಗಮದಲ್ಲಿ ಅದಕ್ಕೆ ಇಡೀ ಕಾವೇರಿ ತೆರೆದಿದೆ. ನಿಮ್ಮ ತೊಟ್ಟಿಯಲ್ಲಿ ಎಲ್ಲರನ್ನೂ ಮೂಲೆಗೆ ತಳ್ಳಿದ ಮೀನು ಹೊಳೆಯಲ್ಲಿ ಸಾಧುವಾಗುವುದಿಲ್ಲ. ಗೂಡು ಕಾಯುವ, ಮರಿ ಸಾಕುವ ಅದೇ ಗುಣಗಳು ಜಿಲೇಬಿಯನ್ನು ನಮ್ಮ ಕೆರೆಗಳಲ್ಲಿ ಗೆಲ್ಲಿಸಿದವು. ಸಕ್ಕರ್ ಮೀನು ದಕ್ಷಿಣ ಭಾರತದ ಅನೇಕ ಕೆರೆ, ನದಿಗಳನ್ನು ಸೇರಿದ್ದೂ ಹೀಗೆ ತೊಟ್ಟಿಗಳಿಂದಲೇ.

ಒಳ್ಳೆಯ ಉದ್ದೇಶವೂ ಇಲ್ಲಿ ರಕ್ಷಣೆಯಲ್ಲ. ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಸೀರ್ (ಟಾರ್ ರೆಮಾದೇವಿ) ತೀವ್ರ ಅಳಿವಿನಂಚಿನ ಪ್ರಭೇದವೆಂದು 2018ರಲ್ಲಿ ಐಯುಸಿಎನ್ ಪಟ್ಟಿಗೆ ಸೇರಿತು. ಅದರ ಅವನತಿಯ ಕಾರಣಗಳಲ್ಲಿ ಒಂದು, ಮೀನಿನ ಸಂತತಿ ಹೆಚ್ಚಲೆಂದು ಕಾವೇರಿಗೆ ಬಿಟ್ಟ ಇನ್ನೊಂದು ಜಾತಿಯ ಮಹಸೀರ್ ಎಂದು ಸಂಶೋಧಕರು ಹೇಳುತ್ತಾರೆ. ಮಹಸೀರ್‌ನಿಂದಲೇ ಹೀಗಾದರೆ ದೂರದ ಅಮೆಜಾನಿನ ಆಸ್ಕರ್‌ನ ಮಾತೇನು?

ಆದ್ದರಿಂದ ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ: 'ಹೊಂದದಿದ್ದರೆ ವಾಪಸು ತೆಗೆದುಕೊಳ್ಳುತ್ತೀರಾ?' ಒಪ್ಪದಿದ್ದರೆ ದೊಡ್ಡ ತೊಟ್ಟಿಯಿರುವ ಇನ್ನೊಬ್ಬ ಸಾಕಣೆದಾರರನ್ನು ಗೊತ್ತುಮಾಡಿಕೊಂಡ ಮೇಲೆಯೇ ಮೀನು ತನ್ನಿ. ಎರಡೂ ಇಲ್ಲವೆಂದರೆ ಆ ಮೀನು ನಿಮ್ಮದಲ್ಲ. ತೊಟ್ಟಿಯ ಹಳೆಯ ನೀರನ್ನೂ ಚರಂಡಿಗೆ, ಕಾಲುವೆಗೆ ಚೆಲ್ಲದೆ ಗಿಡಗಳಿಗೆ ಹಾಕಿ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ.

ಜೊತೆಗಾರರ ಆಯ್ಕೆಯೆಂದರೆ ತೊಟ್ಟಿಯೊಳಗಿನ ಲೆಕ್ಕ ಮಾತ್ರವಲ್ಲ. ನೀವು ಇಂದು ಆರಿಸುವ ಮೀನು ನಾಳೆ ತಪ್ಪಿಸಿಕೊಂಡರೆ ಕಪಿಲೆಯ ಮೀನುಗಳಿಗೆ ಅದು ಎಂತಹ ಜೊತೆಗಾರನಾದೀತು? ವಿದ್ಯಾರ್ಥಿಗಳ ಮುಂದೆ ಈ ಪ್ರಶ್ನೆ ಇಡಿ. ಕೆರೆಯಂಚಿನ ಜಿಲೇಬಿ ಗುಳಿಗಳನ್ನು ತೋರಿಸಿದರೆ ಉತ್ತರವನ್ನು ಅವರೇ ಹೇಳುತ್ತಾರೆ.